ಎಡಗಡೆಯ ನೋವು

ನೋವು ಶುರುವಾದದ್ದು ಹಾಡಹಗಲು ಹನ್ನೊಂದು ಗಂಟೆಗೆ. ಇಪ್ಪತ್ತನಾಲ್ಕು ಜೊತೆ ಶ್ವಾಸಕೋಶಗಳು ಬಣ್ಣ ಆರಲೆಂದು ಕಾರ್ಖಾನೆಯ ತಂತಿಯ ಮೇಲೆ ಸಾಲಾಗಿ ತೂಗಾಡುತ್ತಿದ್ದವು. ನಾದಿನಿ ಕುಂಚವನ್ನು ಡಬ್ಬಿಯೊಳಗೆ ಇಳಿಬಿಟ್ಟು, ಹೊಕ್ಕುಳನ್ನು ಅಂಗೈಯಿಂದ ಒತ್ತಿ ಹಿಡಿದು, "ಅತ್ತಿಗೆ, ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡ್ತಾ ಇದ್ದಾರೆ," ಅಂದಳು.

ಅತ್ತಿಗೆ ತಲೆ ಎತ್ತಲಿಲ್ಲ. ಅವಳ ಮುಂದಿನ ಮೇಜಿನ ಮೇಲೆ ಗೊಂಬೆಯೊಂದು ಎದೆ ಹೊಟ್ಟೆ ತೆರೆದುಕೊಂಡು ಅಂಗಾತ ಬಿದ್ದಿತ್ತು. ಅದರ ಒಡಲಿಗೆ ಕರುಳು ಕೂರಿಸುವ ಹೊತ್ತು ಅದು. ನಡುವೆ ಕೈ ಬಿಟ್ಟರೆ ಕ್ರಮ ತಪ್ಪುತ್ತದೆ.

"ಬೆಳಿಗ್ಗೆ ಏನೂ ತಿನ್ನದೆ ಓಡಿ ಬಂದೆಯಲ್ಲ, ಹಿಂಡದೆ ಇನ್ನೇನು ಮಾಡುತ್ತೆ? ಖಾಲಿ ಪಾತ್ರೆ ಸದ್ದು ಮಾಡುತ್ತೆ."

"ಹಸಿವಲ್ಲ ಇದು. ಹಸಿವಿನ ಗುರುತು ನನಗಿಲ್ವಾ? ನಿನ್ನ ಅಡುಗೆ ತಿಂದು ಬೆಳೆದವಳು ನಾನು."

ಆಚೆ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತಿಗೆಗೂ ನಗು ಬಂತು. ಹೀಗೆ ನಗುನಗುತ್ತಲೇ ಆ ಮೊದಲ ದಿನ ಕಳೆದುಹೋಯಿತು.

ಆ ಕಾರ್ಖಾನೆಯಲ್ಲಿ ಶಾಲೆಗಳಿಗೆ ಬೇಕಾದ ದೇಹದ ಗೊಂಬೆಗಳನ್ನು ಮಾಡುತ್ತಿದ್ದರು. ಕತ್ತಿನಿಂದ ತೊಡೆಯವರೆಗಿನ ಮುಂಡ. ಎದೆಯ ಮುಚ್ಚಳ ತೆಗೆದರೆ ಒಳಗಿನ ಒಂದೊಂದು ಅಂಗವೂ ಕೈಗೆ ಬರಬೇಕು, ಮತ್ತೆ ಇಟ್ಟರೆ ಸರಿಯಾಗಿ ಕೂರಬೇಕು. ಗೋಡೆಯುದ್ದಕ್ಕೂ ಕಪಾಟುಗಳು. ಪಚನದ್ದೊಂದು, ಉಸಿರಿನದ್ದೊಂದು, ರಕ್ತದ್ದೊಂದು, ಮೂತ್ರದ್ದೊಂದು, ನರಗಳದ್ದೊಂದು. ಹೊಸಬರು ಬಂದರೆ ಕಾರ್ಖಾನೆಯ ಯಜಮಾನರು, ಒಂದು ಕಾಲದಲ್ಲಿ ಪಾಠ ಹೇಳಿದ್ದರಿಂದ ಎಲ್ಲರಿಗೂ ಮೇಷ್ಟ್ರು, ಆ ಕಪಾಟುಗಳ ಮುಂದೆ ನಿಲ್ಲಿಸಿ ಹೇಳುತ್ತಿದ್ದರು: "ಕಣ ಕೂಡಿ ಪದರ, ಪದರ ಕೂಡಿ ಅಂಗ, ಅಂಗ ಕೂಡಿ ವ್ಯೂಹ, ವ್ಯೂಹ ಕೂಡಿ ಮನುಷ್ಯ. ಕೂಡು ಕುಟುಂಬ ಇದ್ದ ಹಾಗೆ. ಯಾರೂ ಒಬ್ಬರೇ ಉಣ್ಣೋದಿಲ್ಲ, ಯಾರೂ ಒಬ್ಬರೇ ಸಾಯೋದಿಲ್ಲ."

ಜೋಡಿಸುವ ಕ್ರಮಕ್ಕೆ ಮೇಷ್ಟ್ರೇ ಒಂದು ಪದ ಕಟ್ಟಿದ್ದರು. ಬರೆದಿಡುವ ಪದ್ಧತಿ ಇರಲಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಕೈಗೆ. ಹಾಡುತ್ತ ಹೋದರೆ ಕೈ ತಾನಾಗಿ ಆಯಾ ಅಂಗವನ್ನು ಎತ್ತಿಕೊಳ್ಳುತ್ತಿತ್ತು:

ಬೆನ್ನ ಗೋಡೆಗೆ ಮೂತ್ರಪಿಂಡವ
ನಿನ್ನು ಜೋಡಿಸು ಮೊದಲಿಗೆ
ಇನ್ನು ಈಲಿಯ ಬಲಕೆ ಕೂರಿಸು
ಅನ್ನಚೀಲವನೆಡದೊಳು

ಎದೆಯ ಗೂಡಿನ ನಡುವೆ ಹೃದಯವ
ನದರ ಮೊನೆಯನು ಎಡಕಿಡು
ಕದದ ಹಾಗೆಯೆ ಪಕ್ಕೆಲುಬುಗಳ
ಹದದಿ ಮುಚ್ಚುತ ಕೈಮುಗಿ

ಪದದಲ್ಲಿ ಈಲಿಯೆಂದರೆ ಯಕೃತ್ತು, ಅನ್ನಚೀಲವೆಂದರೆ ಜಠರ. ಕೊನೆಯ ಮಾತಿನಂತೆ ಜೋಡಿಸುವವರು ನಿಜಕ್ಕೂ ಕೈಮುಗಿಯುತ್ತಿದ್ದರು. ಒಂದು ಗೊಂಬೆ ಮುಗಿದರೆ ಒಂದು ನಮಸ್ಕಾರ. ಅತ್ತಿಗೆಗಂತೂ ಇದು ಹೊಸದೆನಿಸಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜ ಸಂಜೆಯ ಹೊತ್ತು ಪದ್ಯ ಓದುತ್ತಿದ್ದರೆ ಮಂಚದ ಕಾಲಿಗೊರಗಿ ಕೇಳಿಸಿಕೊಳ್ಳುತ್ತ ಬೆಳೆದವಳು ಅವಳು. ಪದ್ಯದಲ್ಲಿ ಬಂದದ್ದು ಅವಳ ಮಟ್ಟಿಗೆ ದೇವರ ಮಾತಿಗಿಂತ ಒಂದೇ ಮೆಟ್ಟಿಲು ಕೆಳಗೆ. ಹನ್ನೆರಡು ವರ್ಷ ಹಾಡಿ ಜೋಡಿಸಿದ್ದಳು. ಒಂದೇ ಒಂದು ಗೊಂಬೆ ಹಿಂದಿರುಗಿ ಬಂದಿರಲಿಲ್ಲ. ಬೀದಿಯಲ್ಲಿ ಯಾರಿಗೆ ನೋವು ಬಂದರೂ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. "ಇಲ್ಲಿ ಒತ್ತಿದರೆ ನೋವಾ? ಅದು ಪಿತ್ತಕೋಶ," ಅನ್ನುತ್ತಿದ್ದಳು. ಮುಕ್ಕಾಲು ಪಾಲು ಸರಿಯಿರುತ್ತಿತ್ತು. ಅರ್ಧ ವೈದ್ಯೆ ಅಂತ ಹೆಸರೂ ಬಿದ್ದಿತ್ತು. ಬೇಡ ಬೇಡ ಅನ್ನುತ್ತಲೇ ಆ ಹೆಸರನ್ನು ಅವಳು ಉಟ್ಟುಕೊಂಡಿದ್ದಳು.

ಪದದಲ್ಲಿ ಇನ್ನೊಂದು ಸಾಲಿತ್ತು, ಕರುಳು ಕೂರಿಸುವಾಗಿನದು:

ಸಣ್ಣ ಬಾಲವ ಮರೆಯಬೇಡವೊ
ಕಣ್ಣಿಗಾಣದು ಬಲದಡಿ

ದೊಡ್ಡ ಕರುಳು ಶುರುವಾಗುವಲ್ಲಿ, ಬಲಗಡೆ ಕೆಳಗೆ, ಕಿರುಬೆರಳಿನಷ್ಟು ಒಂದು ಬಾಲ ನೇತಾಡುತ್ತದೆ. ಅದು ಬಾತು ಕೊಳೆತರೆ ಒಡೆಯುತ್ತದೆ, ಒಡೆದರೆ ಹೊಟ್ಟೆಯೆಲ್ಲ ವಿಷ. ಮೇಷ್ಟ್ರ ತಮ್ಮ ಅದರಿಂದಲೇ ಹೋದದ್ದು. ಹೊಕ್ಕುಳ ಸುತ್ತ ಶುರುವಾದ ನೋವು ಬಲಕ್ಕೆ ಇಳಿದರೆ ನಿಂತ ಕಾಲಲ್ಲಿ ಆಸ್ಪತ್ರೆಗೆ ಓಡಿ ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಅತ್ತಿಗೆಯೂ ಹತ್ತಾರು ಜನರಿಗೆ ಹೇಳಿದ್ದಳು.

ಆದ್ದರಿಂದಲೇ ಆ ಸಂಜೆ ಮನೆಯಲ್ಲಿ ನಾದಿನಿ, "ನೋವು ಹೊಕ್ಕುಳಿಂದ ಜಾರಿ ಕೆಳಗೆ ಬಂತು ಅತ್ತಿಗೆ," ಅಂದಾಗ ಅತ್ತಿಗೆ ಕೈಲಿದ್ದ ಕೆಲಸ ಬಿಟ್ಟು ಓಡಿ ಬಂದಳು.

"ಎಲ್ಲಿ? ತೋರಿಸು."

ನಾದಿನಿ ಬೆರಳಿಟ್ಟು ತೋರಿಸಿದಳು. ಎಡಗಡೆ.

ಅತ್ತಿಗೆ ಬಿಟ್ಟ ಉಸಿರು ಅಡುಗೆಮನೆಗೂ ಕೇಳಿಸುವಂತಿತ್ತು. "ಎಡಗಡೆಯಾ! ಸದ್ಯ, ದೇವರು ದೊಡ್ಡವನು. ಬಲಕ್ಕೆ ಅಂದಿದ್ದರೆ ನನ್ನ ಜೀವ ಬಾಯಿಗೆ ಬರ್ತಿತ್ತು. ಎಡಗಡೆ ಏನಿದೆ? ಕರುಳಿನ ತಿರುವು. ವಾಯು ಸಿಕ್ಕಿಕೊಂಡಿರುತ್ತೆ. ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗು."

"ಡಾಕ್ಟರ ಹತ್ತಿರ ಹೋಗಿ ಬರೋಣ್ವಾ?"

"ವಾಯು ಹೋಗೋದಕ್ಕೆ ಡಾಕ್ಟರ್ ಯಾಕೆ? ಮೂರು ಗಂಟೆ ಸಾಲಲ್ಲಿ ಕೂರಿಸಿ ನಾನು ಹೇಳಿದ್ದನ್ನೇ ಅವರೂ ಹೇಳ್ತಾರೆ."

ನಾದಿನಿ ಮತ್ತೆ ಕೇಳಲಿಲ್ಲ. ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಈ ಅತ್ತಿಗೆಯೇ ಅವಳ ತಲೆ ಬಾಚಿದ್ದು, ಜಡೆ ಹೆಣೆದದ್ದು, ಹಲ್ಲು ಬಿದ್ದರೆ ಎಸೆದದ್ದು. ಅಣ್ಣ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಮನೆಯಲ್ಲಿ ಇದ್ದವರು ಇವರಿಬ್ಬರೇ. ಬಾಯಿ ಜಗಳ ಎಷ್ಟಿದ್ದರೂ ಅತ್ತಿಗೆಯ ಮಾತೇ ಕೊನೆಯ ಮಾತು.

ಮರುದಿನ ನಾದಿನಿ ಕೆಲಸಕ್ಕೆ ಬರಲಿಲ್ಲ. ಅತ್ತಿಗೆ ಊಟದ ಬಿಡುವಿನಲ್ಲಿ ಮನೆಗೆ ಓಡಿ ಬಂದಳು. ಹಣೆ ಮುಟ್ಟಿದರೆ ಬೆಚ್ಚಗೆ. ಕಾಲು ಮಡಚಿಕೊಂಡು, ಮಗ್ಗುಲಾಗಿ, ಹುಳು ಸುತ್ತಿಕೊಂಡ ಹಾಗೆ ಮಲಗಿದ್ದಾಳೆ. ಬೆಳಿಗ್ಗೆ ಕುಡಿದ ನೀರೂ ಹೊರಗೆ ಬಂದಿದೆ.

"ಇನ್ನೂ ಎಡಕ್ಕೇನಾ?"

"ಎಡಕ್ಕೇ. ಎಷ್ಟು ಸಲ ಕೇಳ್ತೀಯ? ನೋವಿಗೂ ಒಂದು ದಿಕ್ಕು ನೋಡಿ ಬಾ ಅಂತ ಹೇಳಿ ಕಳಿಸ್ತೀಯಾ?"

ಅತ್ತಿಗೆ ಮೆಲ್ಲನೆ ಅವಳನ್ನು ಅಂಗಾತ ಮಾಡಿ ಬಲಗಡೆ ಒತ್ತಿದಳು. ನಾದಿನಿ ಸುಮ್ಮನಿದ್ದಳು. ಎಡಗಡೆ ಒತ್ತಿ ಕೈ ತೆಗೆದಳು. ತೆಗೆದ ಕ್ಷಣಕ್ಕೆ ನಾದಿನಿ ಕಿರುಚಿದಳು. ಒತ್ತಿದಾಗಲ್ಲ, ಬಿಟ್ಟಾಗ. ಬಿಟ್ಟಾಗ ನೋಯುವುದು ಆ ಬಾಲದ ಗುರುತು ಎಂದು ಮೇಷ್ಟ್ರು ಹೇಳಿದ್ದು ಅತ್ತಿಗೆಗೆ ನೆನಪಿತ್ತು. ಆದರೆ ಬಾಲ ಬಲಕ್ಕಿದೆ. ಪದವೇ ಹೇಳುತ್ತದೆ. ಇವಳು ಎಡಕ್ಕೆ ಕಿರುಚುತ್ತಿದ್ದಾಳೆ. ಹೆದರಿಕೆ ಒಂದು ಕಡೆ ಎಳೆದರೆ ತಿಳಿವಳಿಕೆ ಇನ್ನೊಂದು ಕಡೆ ಎಳೆಯಿತು. ತಿಳಿವಳಿಕೆಗೆ ಹನ್ನೆರಡು ವರ್ಷದ ಬಲವಿತ್ತು. ಅದೇ ಗೆದ್ದಿತು. ನೀರಿನ ಚೀಲಕ್ಕೆ ಇನ್ನಷ್ಟು ಬಿಸಿನೀರು ತುಂಬಿಸಿ, "ಸಂಜೆಯೊಳಗೆ ಇಳಿಯುತ್ತೆ," ಎಂದು ಹೇಳಿ ಕೆಲಸಕ್ಕೆ ಹೋದಳು.

ಸಂಜೆಗೆ ಇಳಿಯಲಿಲ್ಲ. ಮೂರನೆಯ ಬೆಳಿಗ್ಗೆ ಇಳಿಯಿತು.

"ಅತ್ತಿಗೆ, ನೋವು ಹೋಯ್ತು," ಎಂದು ನಾದಿನಿ ತಾನಾಗಿ ಕರೆದು ಹೇಳಿದಳು. "ದಾರ ಕತ್ತರಿಸಿದ ಹಾಗೆ, ಪಟ್ ಅಂತ."

ಅತ್ತಿಗೆ ನಿಂತಲ್ಲೇ ಕಣ್ಣು ಮುಚ್ಚಿ ದೇವರಿಗೆ ನಮಸ್ಕಾರ ಹಾಕಿದಳು. ಎರಡು ರಾತ್ರಿಗಳಿಂದ ಬಿಗಿಹಿಡಿದಿದ್ದ ಭುಜ ಸಡಿಲವಾಯಿತು. "ನೋಡಿದ್ಯಾ? ನಾನು ಹೇಳಲಿಲ್ವಾ?" ಅಂದಳು. ಆ ಮಾತನ್ನು ಆಮೇಲೆ ನೆನೆದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತಿತ್ತು.

ಒಂದು ಗಂಟೆ ಹೊತ್ತು ಮನೆ ಮನೆಯ ಹಾಗಿತ್ತು. ಅತ್ತಿಗೆ ನೆಲ ಒರೆಸಿದಳು. ಹಾಸಿಗೆಯ ಹೊದಿಕೆ ಬದಲಿಸೋಣವೆಂದು ಕೋಣೆಗೆ ಬಂದರೆ ನಾದಿನಿಯ ಹಲ್ಲು ಕಟಕಟ ಕಡಿಯುತ್ತಿತ್ತು. ಮುಖ ಸುಣ್ಣ ಬಳಿದಂತೆ. ತುಟಿಯ ಸುತ್ತ ಬೆವರಿನ ಹನಿ. ಹೊಟ್ಟೆಯ ಮೇಲೆ ಕೈ ಇಟ್ಟಳು. ಹೊಟ್ಟೆ ಹಲಗೆಯಾಗಿತ್ತು. ಉಸಿರಿಗೆ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ.

"ಏಳು, ಬಚ್ಚಲಿಗೆ ಹೋಗಿ ಮುಖ ತೊಳ್ಕೋ," ಎಂದು ಅವಳನ್ನು ಎತ್ತಿ ನಿಲ್ಲಿಸಿದ್ದೇ ತಪ್ಪಾಯಿತು. ಎರಡು ಹೆಜ್ಜೆಗೆ ನಾದಿನಿಯ ಕಣ್ಣುಗುಡ್ಡೆ ಮೇಲಾಗಿ, ದೇಹ ಅತ್ತಿಗೆಯ ತೋಳಿನಲ್ಲಿ ಕಡಿದ ಬಾಳೆಯಂತೆ ಕುಸಿಯಿತು.

ಅತ್ತಿಗೆ ಅವಳನ್ನು ನೆಲಕ್ಕೆ ಮಲಗಿಸಿ, ಎಡ ಎದೆಯ ಕೆಳಗೆ ಅಂಗೈ ಇಟ್ಟಳು. ಹೃದಯದ ಮೊನೆ ಬಡಿಯುವ ಜಾಗ ಅದು. ನಿದ್ದೆಯಲ್ಲಿ ಕೇಳಿದರೂ ಬೆರಳಿಟ್ಟು ತೋರಿಸಬಲ್ಲಳು. ಏನೂ ಇಲ್ಲ. ಕಿವಿ ಇಟ್ಟಳು. ಏನೂ ಇಲ್ಲ. ಎಲ್ಲೋ ಗೋಡೆಯಾಚೆ ಯಾರೋ ನಡೆದಂತೆ ಒಂದು ಸದ್ದು, ಅಷ್ಟೇ.

ಹೋದಳು, ಎಂದುಕೊಂಡಳು. ಗಂಡನಿಗೆ ಏನೆಂದು ಹೇಳಲಿ? ಅಳು ಕೂಡ ಬರಲಿಲ್ಲ. ಬಾಯಿ ತೆರೆದರೆ ಗಾಳಿಯೇ ಹೊರಟಿತು.

ಆಗ ನಾದಿನಿ ಕಣ್ಣು ಬಿಟ್ಟಳು. "ನನ್ನ ಎದೆ ಮೇಲೆ ಯಾಕೆ ಮಲಗಿದ್ದೀಯ?" ಎಂದು ಕೇಳಿದಳು. ದನಿ ಬಾವಿಯ ತಳದಿಂದ ಬಂದಂತಿತ್ತು.

ಸತ್ತವಳು ಮಾತಾಡಿದ್ದರೂ ಅತ್ತಿಗೆ ಅಷ್ಟು ಹೆದರುತ್ತಿರಲಿಲ್ಲ. ಎದೆಯಲ್ಲಿ ಬಡಿತವಿಲ್ಲ, ಕಣ್ಣು ನೋಡುತ್ತಿದೆ! ಮಣಿಕಟ್ಟು ಹಿಡಿದಳು. ನಾಡಿ ಓಡುತ್ತಿತ್ತು, ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳುವ ಕುದುರೆಯ ಹಾಗೆ. ಹಾಗಾದರೆ ಇದು ಹೊರಡುವುದೆಲ್ಲಿಂದ? ಕೈಯನ್ನು ಎಡದಿಂದ ನಡುವಿಗೆ, ನಡುವಿನಿಂದ ಬಲಕ್ಕೆ ಜರುಗಿಸುತ್ತ ಹೋದಳು. ಬಲ ಎದೆಯ ಕೆಳಗೆ, ಅಂಗೈಗೆ ಧಡ್ ಧಡ್ ಎಂದು ಬಡಿಯಿತು.

ಅತ್ತಿಗೆ ಕೈ ಕಿತ್ತುಕೊಂಡಳು, ಬೆಂಕಿ ಮುಟ್ಟಿದಂತೆ.

ಹನ್ನೆರಡು ವರ್ಷ ಪಕ್ಕದಲ್ಲಿ ಮಲಗಿದವಳು. ತಲೆಗೆ ಎಣ್ಣೆ ಒತ್ತಿದವಳು. ಈ ಹುಡುಗಿಯ ಎದೆಗೆ ಒಂದು ಸಲವೂ ಕಿವಿ ಇಟ್ಟಿರಲಿಲ್ಲ. ಜ್ವರ ಕೆಮ್ಮು ಬಿಟ್ಟರೆ ಅವಳಿಗೆ ಏನೂ ಬಂದದ್ದಿಲ್ಲ. ಎದೆಯ ಚಿತ್ರ ತೆಗೆಸುವ ಪ್ರಸಂಗವೇ ಬಂದಿರಲಿಲ್ಲ.

ಹೃದಯದ ಮೊನೆ ಬಲಕ್ಕೆ ತಿರುಗಿದರೆ? ಅತ್ತಿಗೆಯ ಕಣ್ಣ ಮುಂದೆ ಅವಳ ಮೇಜು ಬಂತು. ಎಡ ಶ್ವಾಸಕೋಶದಲ್ಲಿ ಹೃದಯಕ್ಕೆಂದು ಒಂದು ಕಚ್ಚು ಕೊರೆದಿರುತ್ತದೆ. ಮೊನೆ ಬಲಕ್ಕೆ ಬಂದರೆ ಅದು ಹೊಂದುವುದಿಲ್ಲ, ಶ್ವಾಸಕೋಶಗಳನ್ನೂ ಅದಲುಬದಲು ಮಾಡಬೇಕು. ಹಾಗೆ ಮಾಡಿದರೆ ಕೆಳಗಿನ ಈಲಿಯೂ ಅನ್ನಚೀಲವೂ ಜಾಗ ಬದಲಿಸಬೇಕು. ಅವು ಬದಲಿಸಿದರೆ ಕರುಳಿನ ಸುತ್ತು ಮಗುಚಿಕೊಳ್ಳಬೇಕು. ಒಂದೇ ಅಂಗ ತಪ್ಪಿ ಕೂರುವುದಕ್ಕೆ ಒಡಲಲ್ಲಿ ಜಾಗವೇ ಇಲ್ಲ. ತಿರುಗಿದರೆ ಇಡೀ ಮನೆಯೇ ತಿರುಗಿರಬೇಕು.

ಕರುಳು ಮಗುಚಿದರೆ ಬಾಲ?

ಎಡಕ್ಕೆ.

ಮೂರು ದಿನದಿಂದ ಆ ಹುಡುಗಿ ಅಲ್ಲೇ ಬೆರಳಿಟ್ಟು ತೋರಿಸುತ್ತಿದ್ದಳು.

ಎದುರುಮನೆಯ ಇಸ್ತ್ರಿಯವನ ಹತ್ತಿರ ಬಟ್ಟೆ ಮುಟ್ಟಿಸುವ ಮೂರು ಗಾಲಿಯ ಗಾಡಿಯಿತ್ತು. ಅತ್ತಿಗೆ ಬೀದಿಗೆ ಬಂದು ಅವನನ್ನು ಹೇಗೆ ಕೂಗಿದಳೋ, ಅವನು ಕಾದ ಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಓಡಿ ಬಂದ. ಒಗೆದ ಬಟ್ಟೆಯ ಗಂಟುಗಳ ಮೇಲೆ ನಾದಿನಿಯನ್ನು ಮಲಗಿಸಿದರು. ಗಾಡಿ ಒಂದೊಂದು ಗುಂಡಿಗೆ ಕುಪ್ಪಳಿಸಿದಾಗಲೂ ಅವಳು ಹಲ್ಲು ಕಚ್ಚಿ ಮುಲುಗುತ್ತಿದ್ದಳು.

"ಇಸ್ತ್ರಿಯಣ್ಣಾ, ಮೆಲ್ಲಗೆ!"

"ಮೆಲ್ಲಗೆ ಹೋಗಲೋ, ಬೇಗ ಹೋಗಲೋ? ಎರಡರಲ್ಲಿ ಒಂದು ಹೇಳಮ್ಮ!"

ಅತ್ತಿಗೆ ನಾದಿನಿಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಒಬ್ಬ ಎಳೆಯ ಡಾಕ್ಟರ್ ಇದ್ದ. ಬೆಳಗಿನಿಂದ ಕೂತಿರಲಿಲ್ಲವೆಂದು ಅವನ ಕಾಲು ನೋಡಿದರೇ ತಿಳಿಯುತ್ತಿತ್ತು. "ಎಲ್ಲಿ ನೋವು? ಎಡಗಡೆಯಾ? ಎಷ್ಟು ಹೊತ್ತಿನಿಂದ?"

"ಬೆಳಿಗ್ಗೆಯಿಂದ," ಎಂದುಬಿಟ್ಟಳು ಅತ್ತಿಗೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಅದೇ ಬಂತು. ನಾದಿನಿ ಅವಳ ಕಡೆ ನೋಡಿದಳು. ಆ ನೋಟಕ್ಕೆ ಅತ್ತಿಗೆ ತಲೆ ತಗ್ಗಿಸಿದಳು.

ಹೃದಯದ ವಿಷಯ ಹೇಳಬೇಕೆಂದು ಬಾಯಿ ತೆರೆದಳು, ಮುಚ್ಚಿದಳು. ಎರಡು ದಿನ ಡಾಕ್ಟರಾಗಿ ಆಗಿರುವ ಅನಾಹುತ ಸಾಲದೇ? ಇಲ್ಲಿ ಓದಿದವರಿದ್ದಾರೆ, ಯಂತ್ರಗಳಿವೆ. ಅವರೇ ಕಂಡುಕೊಳ್ಳುತ್ತಾರೆ. ಮೊದಲು ಎದೆ ಹೊಟ್ಟೆಯ ಎಕ್ಸ್‌ರೇ ಎಂದರು. ನಾದಿನಿಯನ್ನು ತಳ್ಳುಗಾಡಿಯಲ್ಲಿ ಒಳಗೆ ಒಯ್ದರು. ಅತ್ತಿಗೆ ಬಾಗಿಲಾಚೆ ನಿಂತು ದೇವರನ್ನು ಕರೆದಳು: ಚಿತ್ರದಲ್ಲಿ ಕಾಣಿಸಲಿ, ನಾನು ಬಾಯಿ ಬಿಡುವಂತಾಗದಿರಲಿ.

ಎಕ್ಸ್‌ರೇಯವನು ಒದ್ದೆ ಹಾಳೆಯನ್ನು ಹಿಡಿದು ಬಂದ. ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ. ಸಿಕ್ಕಿಸಿ ನೋಡಿದ, ನಾಲಿಗೆ ಲೊಚಗುಟ್ಟಿದ, ಹಾಳೆಯನ್ನು ತೆಗೆದು ಮಗುಚಿ ಮತ್ತೆ ಸಿಕ್ಕಿಸಿದ. ಎಳೆಯ ಡಾಕ್ಟರ್ ಒಂದು ಕಣ್ಣು ಹಾಯಿಸಿ, "ಎದೆ ಸರಿಯಾಗಿದೆ. ಎಡಗಡೆ ನೋವಂದ್ರೆ ಕಲ್ಲಿರಬೇಕು, ಇಲ್ಲ ಸೋಂಕು. ಸ್ಕ್ಯಾನಿಗೆ ಸಾಲಿನಲ್ಲಿ ಕೂರಿಸಿ, ನೋವಿಗೊಂದು ಸೂಜಿ ಹಾಕಿ," ಅಂದ.

ಅತ್ತಿಗೆ ಹಾಳೆಯನ್ನೇ ನೋಡುತ್ತಿದ್ದಳು. ಹೃದಯ ಎಡಕ್ಕಿತ್ತು. ಅವಳು ಜೋಡಿಸಿದ ಎಲ್ಲ ಗೊಂಬೆಗಳಲ್ಲಿ ಇದ್ದ ಹಾಗೆಯೇ, ಪದದಲ್ಲಿ ಇದ್ದ ಹಾಗೆಯೇ.

ಹಾಗಾದರೆ ನನ್ನ ಕೈಗೆ ಬಡಿದದ್ದೇನು? ಭಯಕ್ಕೆ ಬುದ್ಧಿ ಕೆಟ್ಟಿತೇ? ಒಂದು ಕ್ಷಣ ಅವಳಿಗೆ ಹಾಯೆನಿಸಿತು ಕೂಡ. ಓದಿದವರು ಹೇಳಿದ್ದಾರೆ, ಚಿತ್ರ ಹೇಳಿದೆ, ಇನ್ನು ತನ್ನ ಹೊಣೆಯಿಲ್ಲ. ಸಾಲಿನಲ್ಲಿ ಕೂತರೆ ಮುಗಿಯಿತು. ಸಾಲು ಎಷ್ಟುದ್ದವಿದೆ ಎಂದು ತಿರುಗಿ ನೋಡಿದಳು. ಬಾಗಿಲಿನಾಚೆಯವರೆಗೂ ಇತ್ತು. ನಾದಿನಿಯ ಉಗುರುಗಳು ನೀಲಿಯಾಗುತ್ತಿದ್ದವು.

"ಆ ಹಾಳೆ ಯಾಕೆ ತಿರುಗಿಸಿದಿರಿ?" ಎಂದು ಕೇಳಿದಳು. ದನಿ ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಎಕ್ಸ್‌ರೇಯವನು, "ಹಾಕುವಾಗ ಉಲ್ಟಾ ಬಿತ್ತಮ್ಮ, ಸರಿ ಮಾಡಿದೆ," ಅಂದ.

"ಉಲ್ಟಾ ಅಂತ ಹೇಗೆ ಗೊತ್ತಾಯ್ತು?"

"ಹೇಗೆ ಅಂದ್ರೆ? ಹೃದಯ ಬಲಕ್ಕೆ ಬಂದಿತ್ತು. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ, ಯಾರ ಹೃದಯ ಬಲಕ್ಕಿರುತ್ತೆ?"

ಅತ್ತಿಗೆ ಬೆಳಕಿನ ಪೆಟ್ಟಿಗೆಯ ಹತ್ತಿರಕ್ಕೆ ಹೋದಳು. "ಇವಳದು ಇರುತ್ತೆ," ಅಂದಳು. "ಅದು ಉಲ್ಟಾ ಬಿದ್ದದ್ದಲ್ಲ. ಡಾಕ್ಟ್ರೇ, ಇವಳ ಎದೆಯನ್ನು ಬಲಗಡೆ ಕೇಳಿ."

"ನೀವು ಡಾಕ್ಟರಾ?"

"ಅಲ್ಲ. ಗೊಂಬೆ ಜೋಡಿಸೋಳು."

ಎಳೆಯ ಡಾಕ್ಟರ್ ನಕ್ಕ. ಕೆಟ್ಟ ನಗುವಲ್ಲ, ದಣಿದವನ ನಗು. "ಅಮ್ಮಾ, ಗೊಂಬೆ ಬೇರೆ, ಮನುಷ್ಯರು ಬೇರೆ."

"ಅದನ್ನೇ ನಾನು ಹೇಳ್ತಿರೋದು!"

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜನ್ಮದಲ್ಲಿ ಅವಳು ಹಾಗೆ ಕೂಗಿದವಳಲ್ಲ. ಯಾರಾದರೂ ಮಾತಾಡಿದರೆ ಕೇಳಿಸಿಕೊಳ್ಳುತ್ತ ಕೂರುವ ಪೈಕಿ. ಈಗ ಡಾಕ್ಟರನ ಮಣಿಕಟ್ಟನ್ನು ಹಿಡಿದೇಬಿಟ್ಟಳು. ಹಿಡಿದು ಅವನ ಅಂಗೈಯನ್ನು ನಾದಿನಿಯ ಬಲ ಎದೆಯ ಕೆಳಗೆ ಒತ್ತಿದಳು. ಅವನು ಕೊಸರಿಕೊಳ್ಳಲು ಹೋಗಿ ಅರ್ಧಕ್ಕೇ ನಿಂತ.

ಕುತ್ತಿಗೆಯ ಸ್ಟೆತೊಸ್ಕೋಪ್ ತೆಗೆದು ಎಡಕ್ಕೆ ಇಟ್ಟ. ಬಲಕ್ಕೆ ಇಟ್ಟ. ಮತ್ತೆ ಎಡಕ್ಕೆ ಇಟ್ಟ. ಅವನ ಮುಖದ ಬಣ್ಣ ಅತ್ತಿಗೆಯ ಕಣ್ಣ ಮುಂದೆಯೇ ಇಳಿಯಿತು. ಅವನೂ ಹೆದರಿದನೆಂದು ಅವಳಿಗೆ ಗೊತ್ತಾಯಿತು. ಅದು ಗೊತ್ತಾದ ಮೇಲೆ ಅವಳ ಹೆದರಿಕೆ ಇನ್ನೂ ಹೆಚ್ಚಾಯಿತು. ಅಲ್ಲಿಯತನಕ ತನ್ನದು ತಪ್ಪಿರಬಹುದೆಂಬ ಒಂದು ಆಸೆಯಾದರೂ ಇತ್ತು.

"ಹಾಳೆ ಮೊದಲಿದ್ದ ಹಾಗೆ ಹಾಕಿ," ಎಂದು ಅವನು ಎಕ್ಸ್‌ರೇಯವನಿಗೆ ಹೇಳಿ, ಬಾಗಿಲ ಕಡೆ ಕೂಗಿದ: "ದೊಡ್ಡ ಡಾಕ್ಟರನ್ನ ಕರೀರಿ. ಈಗಲೇ!"

ದೊಡ್ಡ ಡಾಕ್ಟರ್ ನರೆಗೂದಲಿನ ಹೆಂಗಸು. ಬಂದವಳೇ ಹೊಟ್ಟೆ ಮುಟ್ಟಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಹಾಳೆಯ ಮುಂದೆ ಎರಡು ಕ್ಷಣ ನಿಂತಳು. "ಪೂರ್ತಿ ಕನ್ನಡಿಯೊಳಗಿನ ದೇಹ. ಸಾವಿರಾರು ಜನರಲ್ಲಿ ಒಬ್ಬರಿಗೆ ಹೀಗಿರುತ್ತೆ. ಹೀಗಿರೋದು ಕಾಯಿಲೆಯಲ್ಲ, ಗೊತ್ತಿಲ್ಲದೇ ಇರೋದು ಅಪಾಯ," ಎಂದು ಎಳೆಯ ಡಾಕ್ಟರಿಗೆ ಹೇಳಿ, ಅತ್ತಿಗೆಯ ಕಡೆ ತಿರುಗಿದಳು. "ನೋವು ಶುರುವಾಗಿ ಎಷ್ಟು ಹೊತ್ತಾಯ್ತು? ಸರಿಯಾಗಿ ಹೇಳಿ. ಅದರ ಮೇಲೆ ನಾನು ಏನು ತಯಾರಿ ಮಾಡ್ಕೋಬೇಕು ಅನ್ನೋದು ನಿಂತಿದೆ."

ಎಳೆಯ ಡಾಕ್ಟರ್ ಕಾಗದ ನೋಡಿ, "ಬೆಳಿಗ್ಗೆಯಿಂದ ಅಂದಿದ್ದಾರೆ," ಅಂದ.

ಅತ್ತಿಗೆ ಬಾಗಿಲ ಕಡೆ ನೋಡಿದಳು. ಇಸ್ತ್ರಿಯವನು ಬಾಗಿಲಲ್ಲಿ ನಿಂತಿದ್ದ. ಬೀದಿಗೆಲ್ಲ ಗೊತ್ತಾಗುತ್ತದೆ. ಗಂಡನಿಗೆ ಗೊತ್ತಾಗುತ್ತದೆ.

"ಅಲ್ಲ. ಮೂರು ದಿನ," ಅಂದಳು. "ಮೊನ್ನೆ ಹನ್ನೊಂದಕ್ಕೆ ಶುರುವಾಯ್ತು. ಡಾಕ್ಟರ ಹತ್ತಿರ ಹೋಗೋಣ ಅಂತ ಅವಳು ಕೇಳಿದ್ಲು. ಬೇಡ ಅಂದದ್ದು ನಾನು. ಬಿಸಿನೀರಿನ ಚೀಲ ಇಟ್ಟೆ. ಎರಡು ದಿನವೂ ಇಟ್ಟೆ. ಇವತ್ತು ಬೆಳಿಗ್ಗೆ ನೋವು ಪಟ್ಟಂತ ನಿಂತುಹೋಯ್ತು."

ದೊಡ್ಡ ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಂತಾಗ ಎಷ್ಟು ಗಂಟೆ?" ಎಂದಷ್ಟೇ ಕೇಳಿದಳು.

"ಎಂಟು."

ಗೋಡೆಯ ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ದೊಡ್ಡ ಡಾಕ್ಟರ್ ಸರಸರನೆ ಹೊರಟುಹೋದಳು. ತಳ್ಳುಗಾಡಿ ಅವಳ ಹಿಂದೆಯೇ ಉರುಳಿತು. ಬಾಗಿಲವರೆಗೆ ಅತ್ತಿಗೆ ಪಕ್ಕದಲ್ಲಿ ಓಡಿದಳು.

"ಅತ್ತಿಗೆ," ಎಂದಳು ನಾದಿನಿ. "ಅಮ್ಮ ನನ್ನ ಬೈತಿದ್ಲು, ಗೊತ್ತಾ? ಊರಿಗೇ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ ಅಂತ." ನಗಲು ಹೋದಳು, ಆಗಲಿಲ್ಲ. "ನನಗೆ ಹೆದರಿಕೆ ಆಗ್ತಿದೆ."

"ನನಗೂ," ಎಂದಳು ಅತ್ತಿಗೆ. ಬೇರೆ ದಿನವಾಗಿದ್ದರೆ ಏನೂ ಆಗಲ್ಲ ಎನ್ನುತ್ತಿದ್ದಳು. ಏನಾಗುತ್ತದೆ ಏನಾಗುವುದಿಲ್ಲ ಎಂದು ಹೇಳುವ ಬಾಯಿ ಅವಳಿಗೆ ಈಗ ಇರಲಿಲ್ಲ.

ಎರಡೂವರೆ ಗಂಟೆ. ಬೆಂಚಿನ ಮೇಲೆ ಅವಳು ಪ್ರಾರ್ಥನೆಗೆ ಕೂತಳು. ಬಾಯಿಗೆ ಬರುತ್ತಿದ್ದ ಪದ್ಯಗಳೆಲ್ಲ ಅರ್ಧಕ್ಕೇ ನಿಲ್ಲುತ್ತಿದ್ದವು. ಒಳಗೆ ಯಾರೋ ಒಬ್ಬರು, ಎಲ್ಲವೂ ತಿರುಗಿರುವ ಒಡಲಲ್ಲಿ ಕೈಯಿಟ್ಟು, ಒಂದೊಂದನ್ನೂ ಹೊಸದಾಗಿ ಹುಡುಕಿ ಗುರುತಿಸುತ್ತಿದ್ದಾರೆ. ಅವರ ಕೈಗೂ ಅಭ್ಯಾಸವಿರುತ್ತದೆ. ಅಭ್ಯಾಸ ಅವರನ್ನೂ ಬಲಕ್ಕೆ ಎಳೆದರೆ? ಇಸ್ತ್ರಿಯವನು ಒಂದು ಲೋಟ ನೀರು ತಂದುಕೊಟ್ಟು ದೂರ ಹೋಗಿ ಕೂತ. ನಡುವೆ ಗಂಡನ ಫೋನು ಸಿಕ್ಕಿತು. ರಸ್ತೆಯ ಸದ್ದಿನ ನಡುವೆ ಅವನಿಗೂ ಎಲ್ಲ ಹೇಳಿದಳು, ಬೆಳಿಗ್ಗೆಯಿಂದ ಅಂತಲ್ಲ, ಮೊನ್ನೆಯಿಂದ. ಅವನು ಆಸ್ಪತ್ರೆಯ ಹೆಸರು ಕೇಳಿಕೊಂಡ. "ಬರ್ತೀನಿ," ಎಂದು ಇಟ್ಟ.

ದೊಡ್ಡ ಡಾಕ್ಟರ್ ಹೊರಗೆ ಬಂದಾಗ ಅವಳ ಟೋಪಿಯ ಅಂಚು ಬೆವರಿನಿಂದ ಒದ್ದೆಯಾಗಿತ್ತು. "ಒಡೆದಿತ್ತು. ತೆಗೆದು, ಎಲ್ಲ ತೊಳೆದಿದ್ದೀವಿ. ಹೊಟ್ಟೆಗೊಂದು ಕೊಳವೆ ಇಟ್ಟಿದ್ದೀವಿ, ಕೀವು ಇಳಿಯಲಿ ಅಂತ. ಮೂರು ದಿನ ಕಳೀಲಿ. ಆಮೇಲೆ ಧೈರ್ಯದ ಮಾತು ಹೇಳ್ತೀನಿ." ಹೋಗುವಾಗ ತಿರುಗಿ, "ಹೃದಯದ ಮಾತು ಹೇಳದೆ ಸಾಲಿನಲ್ಲಿ ಕೂತಿದ್ದಿದ್ರೆ ಆ ಮೂರು ದಿನವೂ ಇರ್ತಿರಲಿಲ್ಲ," ಅಂದಳು. ಅತ್ತಿಗೆಯ ಕಿವಿಗೆ ಅದರಲ್ಲಿ ಕೇಳಿಸಿದ್ದು ಮೂರು ದಿನ ಎಂಬುದೊಂದೇ.

ಸಂಜೆಯ ಹೊತ್ತಿಗೆ ನಾದಿನಿಗೆ ಎಚ್ಚರವಾಯಿತು. ತುಟಿ ಒಡೆದಿತ್ತು. ಮಂಚದ ಪಕ್ಕದಲ್ಲಿ ಚೀಲವೊಂದು ತೂಗುತ್ತಿತ್ತು. ಅದರೊಳಗೆ ಹನಿಹನಿಯಾಗಿ ಮಸುಕು ಹಳದಿ ಇಳಿಯುತ್ತಿತ್ತು. ಅತ್ತಿಗೆ ಹತ್ತಿಯನ್ನು ನೀರಲ್ಲಿ ಅದ್ದಿ ಅವಳ ತುಟಿಗೆ ಒತ್ತಿದಳು.

"ನನ್ನಿಂದ ಆದದ್ದು ಇದು," ಅಂದಳು. "ಮೊದಲ ದಿನವೇ ಕರ್ಕೊಂಡು ಬಂದಿದ್ರೆ ಒಡೀತಿರಲಿಲ್ಲ."

ಮಂಪರು ಇಳಿಯದ ಕಣ್ಣಿನಿಂದ ನಾದಿನಿ ಅವಳನ್ನು ನೋಡಿದಳು. "ನಾನು ತೋರಿಸ್ತಾನೇ ಇದ್ದೆ ಅತ್ತಿಗೆ. ಬೆರಳಿಟ್ಟು ತೋರಿಸ್ದೆ."

"ಹೌದು."

"ನೀನು ನನ್ನ ಹೊಟ್ಟೆ ನೋಡಲಿಲ್ಲ. ಎಡ ಯಾವುದು ಬಲ ಯಾವುದು ಅಂತ ನೋಡಿದೆ."

ಅತ್ತಿಗೆ ಹತ್ತಿಯನ್ನು ಮತ್ತೆ ನೀರಲ್ಲಿ ಅದ್ದಿದಳು. ಕಣ್ಣೀರು ತಾನಾಗಿ ಇಳಿಯಿತು, ಒರೆಸಿಕೊಳ್ಳಲಿಲ್ಲ. ಕ್ಷಮಿಸು ಎಂದು ಕೇಳುವುದೂ ಅವಳ ಮೇಲೆ ಇನ್ನೊಂದು ಭಾರ ಹೊರಿಸಿದಂತೆ ಎನಿಸಿತು.

ನಾದಿನಿ ಮುಖವನ್ನು ಗೋಡೆಗೆ ತಿರುಗಿಸಿದಳು. ಬಹಳ ಹೊತ್ತಾಯಿತು. ಮಲಗಿದಳೇನೋ ಎಂದು ಅತ್ತಿಗೆ ಮೆಲ್ಲನೆ ಏಳಹೋದರೆ, ಹೊದಿಕೆಯೊಳಗಿನಿಂದ ಒಂದು ಕೈ ಹೊರಬಂದು ಅವಳ ಸೆರಗಿನ ಅಂಚನ್ನು ಹಿಡಿಯಿತು.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನರ್ಸನ್ನ ಕರೀತೀನಿ, ಮೈ ಸ್ವಲ್ಪ ಬಿಸಿಯಾಗಿದೆ."

"ಕರಿ. ಕರೆದು ಬಾ," ಎಂದಳು ನಾದಿನಿ, ಮುಖ ಇನ್ನೂ ಗೋಡೆಗೇ ಇತ್ತು. "ಇದು ಸಾಧಾರಣ ಬಿಸಿ, ಇಳಿಯುತ್ತೆ ಅಂತ ನೀನೇ ಹೇಳ್ಬೇಡ."

ಅತ್ತಿಗೆ ನರ್ಸಿನ ಕೋಣೆಗೆ ಓಡಿದಳು.